ಉಪ್ಪು, ಸಕ್ಕರೆ ಮತ್ತು ನರ್ಸ್ ತಫೀದಾ

ಮನ್ಸೂರಾ ಪಟ್ಟಣದಿಂದ ಉತ್ತರಕ್ಕೆ ಹರಿಯುವ ಕಾಲುವೆಯ ದಂಡೆಯಲ್ಲಿ ಕಫ್ರ್ ಹಮ್ಮಾದ್ ಎಂಬ ಊರು. ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿದ್ದ ತಫೀದಾಳನ್ನು ಊರಿನವರು ಯಾರೂ ಹೆಸರು ಹಿಡಿದು ಕರೆದವರಲ್ಲ. ಹಿರಿಯರು ಕಿರಿಯರೆನ್ನದೆ ಎಲ್ಲರಿಗೂ ಆಕೆ ‘ಅಬ್ಲಾ’, ಅಂದರೆ ಅಕ್ಕ. ಆಕೆಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಮುದುಕರೂ ಕೆಮ್ಮುತ್ತಾ ಬಂದು “ಅಬ್ಲಾ, ಸ್ವಲ್ಪ ನೋಡಮ್ಮ” ಎನ್ನುತ್ತಿದ್ದರು. ಗಂಡ ಎಪ್ಪತ್ಮೂರರ ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ, ಮಕ್ಕಳಿರಲಿಲ್ಲ. ಅದೇ ವರ್ಷ ಬಿಳಿ ಕೋಟು ತೊಟ್ಟವಳು ಅದನ್ನು ಬಿಚ್ಚಿದ್ದು ಅರವತ್ತು ತುಂಬಿದ ದಿನವೇ.

ನರ್ಸ್ ಆಗಬೇಕೆಂದು ಆಕೆಗೆ ಅನ್ನಿಸಿದ್ದು ಒಂಬತ್ತನೇ ವಯಸ್ಸಿನಲ್ಲಿ. ಆ ಬೇಸಿಗೆಯಲ್ಲಿ ತಮ್ಮ ಫರಗ್‌ಗೆ ಭೇದಿ ಹತ್ತಿತು. ವರ್ಷ ತುಂಬಿ ಎರಡು ತಿಂಗಳಾಗಿದ್ದ ಮಗು. “ಹೊಟ್ಟೆ ಕಟ್ಟಬೇಕು, ಒಂದು ತೊಟ್ಟು ನೀರೂ ಕೊಡಬೇಡಿ” ಎಂದಳು ಸೂಲಗಿತ್ತಿ. ಯಾರೂ ಕೊಡಲಿಲ್ಲ. ಎರಡನೇ ದಿನ ಮಗು ತೆವಳಿಕೊಂಡು ಹೋಗಿ, ಮೂಲೆಯಲ್ಲಿದ್ದ ನೀರಿನ ಹರವಿಯ ತೇವದ ಹೊರಮೈಗೆ ನಾಲಿಗೆ ಹಚ್ಚಿತು. ಅಮ್ಮ ಅಳುತ್ತಾ ಎಳೆದು ತಂದಳು. ಮೂರನೇ ದಿನ ಹೂಳಿದರು. ಆ ಹರವಿಯನ್ನು ಮನೆಯವರು ಆಮೇಲೂ ಬಳಸಿದರು; ತಫೀದಾ ಮಾತ್ರ ಅದರಿಂದ ನೀರು ಕುಡಿಯಲಿಲ್ಲ, ಪಕ್ಕದ ಮನೆಗೆ ಹೋಗಿ ಕುಡಿಯುತ್ತಿದ್ದಳು.

ಎಂಬತ್ಮೂರರಲ್ಲಿ ಸರ್ಕಾರದಿಂದ ಪೊಟ್ಟಣಗಳು ಬಂದವು. ಒಂದೊಂದು ಪೊಟ್ಟಣದಲ್ಲೂ ಒಂದಿಷ್ಟು ಉಪ್ಪು, ಒಂದಿಷ್ಟು ಗ್ಲೂಕೋಸ್. ಜೊತೆಗೆ ಅಳತೆಗೆಂದು ಒಂದು ಪ್ಲಾಸ್ಟಿಕ್ ಲೋಟ. ತಫೀದಾ ಮೊದಲು ನಂಬಲಿಲ್ಲ. ಇಷ್ಟರಿಂದಲೇ ಮಗು ಉಳಿಯುವುದುಂಟೇ! ಆ ವಾರವೇ ಕಣ್ಣು ಗುಳಿಬಿದ್ದು, ಅಳಲೂ ತ್ರಾಣವಿಲ್ಲದ ಒಂದು ಮಗುವನ್ನು ತಂದರು. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಚಮಚ ಚಮಚವಾಗಿ ಕುಡಿಸಿದಳು. ಭೇದಿ ಆಗುತ್ತಲೇ ಇತ್ತು, ಆಕೆ ಕುಡಿಸುತ್ತಲೇ ಇದ್ದಳು. ಎರಡು ಗಂಟೆಗೆ ಮಗು ಅತ್ತಿತು, ಕಣ್ಣಲ್ಲಿ ನೀರು ಬಂತು. ಆ ಕಣ್ಣೀರನ್ನು ತಫೀದಾ ತನ್ನ ಬೆರಳಿನಿಂದ ಮುಟ್ಟಿ ನೋಡಿದಳು.

ಆಗ ಕೇಂದ್ರದಲ್ಲಿದ್ದ ಹುಡುಗುಪ್ರಾಯದ ಡಾಕ್ಟರ್ ರಊಫನನ್ನು ಅವತ್ತೇ ಹಿಡಿದು ಕೂರಿಸಿಕೊಂಡಳು. “ಇದು ಹೆಂಗಾಯ್ತು ಹೇಳಿ. ಕರುಳು ಹೊರಗೆ ಸುರೀತಾ ಇದೆ, ಒಳಗೂ ತಗೋತಾ ಇದೆ. ಎರಡೂ ಒಟ್ಟಿಗೆ ಹೆಂಗೆ?”

“ಬರೀ ಉಪ್ಪುನೀರು ಕೊಟ್ರೆ ಕರುಳು ಕ್ಯಾರೇ ಅನ್ನಲ್ಲ, ಅಬ್ಲಾ. ಸಕ್ಕರೆ ಜೊತೆ ಕೊಟ್ರೆ ಎರಡನ್ನೂ ಒಟ್ಟಿಗೆ ಎಳ್ಕೊಳತ್ತೆ, ಹಿಂದೇನೇ ನೀರೂ ಹೋಗತ್ತೆ. ಭೇದಿ ಮಿಕ್ಕ ದಾರಿ ಎಲ್ಲ ಕೆಡಿಸಿದ್ರೂ ಈ ಒಂದು ದಾರಿನ ಮುಟ್ಟಲ್ಲ.”

“ಯಾರು ಎಳ್ಕೊಳೋದು?”

“ಜೀವಕೋಶದ ಪೊರೇಲಿ ಏನೋ ಇದೆ. ಪ್ರೋಟೀನ್ ಅಂತಾರೆ. ಅದನ್ನ ಹಿಡಿದು ನೋಡಿದೋರು ಇನ್ನೂ ಯಾರೂ ಇಲ್ಲ.”

ಯಾರೂ ಕಾಣದ ಒಂದು ವಸ್ತು ತನ್ನ ಚಮಚಕ್ಕಾಗಿ ಕಾದಿದೆ ಎಂಬುದು ತಫೀದಾಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಮನೆಮನೆಗೆ ಹೋಗಿ ಹೆಂಗಸರನ್ನು ಅಂಗಳದಲ್ಲಿ ಸೇರಿಸಿ ಕಲಸಿ ತೋರಿಸಿದಳು. “ಉಪ್ಪು ಒಂಟಿಯಾಗಿ ಹೋಗಲ್ಲ. ಸಕ್ಕರೇನೂ ಒಂಟಿಯಾಗಿ ಹೋಗಲ್ಲ. ಜೋಡೀನೇ ಬೇಕು” ಎಂದರೆ, “ಹಂಗಾದ್ರೆ ನನ್ನ ಗಂಡನಿಗಿಂತ ಉಪ್ಪೇ ವಾಸಿ ಬಿಡು ಅಬ್ಲಾ, ಅವನು ಎಲ್ಲಿಗೂ ನನ್ನ ಕರ್ಕೊಂಡು ಹೋಗಿದ್ದೇ ಇಲ್ಲ” ಎಂದು ಯಾರಾದರೂ ನಗಿಸುತ್ತಿದ್ದರು. ಮೂರು ಬೇಸಿಗೆಗಳಲ್ಲಿ ಊರಿನ ಮಕ್ಕಳ ಗೋರಿಗಳು ಎಷ್ಟು ಕಡಿಮೆಯಾದವೆಂದರೆ, ಗೋರಿ ತೋಡುವವನೇ ದಾರಿಯಲ್ಲಿ ಅಡ್ಡ ಸಿಕ್ಕಿ ಆಕೆಗೆ ಸಲಾಮು ಹೇಳಿದ. ಆಕೆಗೆ ಹೆಮ್ಮೆ ಬಂದಿತ್ತು. ಅದರ ಜೊತೆಗೆ ಸ್ವಲ್ಪ ಗಡಸೂ ಬಂದಿತ್ತು.

ಎಂಬತ್ತಾರರ ಜೂನ್‌ನಲ್ಲಿ ನಗ್ವಾ ಎಂಬ ಇಪ್ಪತ್ತೆರಡರ ಹೆಂಗಸು ತನ್ನ ಹನ್ನೊಂದು ದಿನದ ಹೆಣ್ಣುಮಗುವನ್ನು ಎತ್ತಿಕೊಂಡು ಬಂದಳು. ಜೊತೆಗೆ ಅತ್ತೆ, ಹಗ್ಗಾ ಜನ್ನೂಬಾ. ಮೆಕ್ಕಾಕ್ಕೆ ಹೋಗಿ ಬಂದ ಮೇಲೆ ಊರೆಲ್ಲ ಅವಳನ್ನು ಹಗ್ಗಾ ಎಂದೇ ಕರೆಯುತ್ತಿತ್ತು. ನಗ್ವಾಳಿಗೆ ಗಂಡನಾದವನು ಅವಳ ಚಿಕ್ಕಪ್ಪನ ಮಗ. ಮೊದಲಿನ ಎರಡು ಕೂಸುಗಳು ತಿಂಗಳು ತುಂಬುವ ಮೊದಲೇ ಭೇದಿಯಿಂದ ಹೋಗಿದ್ದವು.

“ಇವಳ ನೆಲದಡಿಯ ಅಕ್ಕ ಇದಾಳಲ್ಲ, ಅವಳಿಗೆ ಹೊಟ್ಟೆಕಿಚ್ಚು” ಎಂದಳು ಹಗ್ಗಾ ಕೂರುವ ಮೊದಲೇ. ಪ್ರತಿ ಹೆಣ್ಣಿಗೂ ನೆಲದಡಿಯಲ್ಲಿ ಕಣ್ಣಿಗೆ ಕಾಣದ ಅಕ್ಕನೊಬ್ಬಳಿರುತ್ತಾಳೆ ಎಂಬುದು ಆ ಊರಿನ ನಂಬಿಕೆ. “ಮಗು ಹುಟ್ಟೋದೇ ತಡ, ಬಂದು ಹಿಸುಕ್ತಾಳೆ. ತಾಯತ ಕಟ್ಟಿಸ್ದೆ, ಸಾಮ್ರಾಣಿ ಹಾಕಿಸ್ದೆ. ಇನ್ನು ನಿನ್ನ ಪೊಟ್ಟಣ ಒಂದು ಬಾಕಿ.”

ತಫೀದಾ ಮಗುವನ್ನು ನೋಡಿದಳು. ಭೇದಿ ಎಷ್ಟು ನೀರಾಗಿತ್ತೆಂದರೆ ನಗ್ವಾ ಮೊದಲ ದಿನಗಳಲ್ಲಿ ಅದನ್ನು ಉಚ್ಚೆ ಎಂದೇ ತಿಳಿದಿದ್ದಳಂತೆ. ಪೊಟ್ಟಣ ಕೊಟ್ಟು, ಕಲಸುವ ರೀತಿ ತೋರಿಸಿ, ಎದೆಹಾಲು ನಿಲ್ಲಿಸಬೇಡ ಎಂದು ಹೇಳಿ ಕಳಿಸಿದಳು.

ಎರಡನೇ ದಿನ ಬೆಳಗ್ಗೆಯೇ ನಗ್ವಾ ಮತ್ತೆ ಬಂದಳು. ಮಗುವಿನ ನೆತ್ತಿ ಗುಳಿ ಬಿದ್ದಿತ್ತು. ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಚಿವುಟಿದ ಹಾಗೆಯೇ ನಿಲ್ಲುತ್ತಿತ್ತು.

“ಲೋಟದ ಗೆರೆವರೆಗೆ ನೀರು ಹಾಕಿದ್ಯಾ?”

“ಹಾಕ್ದೆ ಅಬ್ಲಾ.”

“ಪೊಟ್ಟಣ ಪೂರ್ತಿ ಸುರಿದ್ಯಾ? ಉಳಿಸಿಟ್ಕೊಂಡ್ಯಾ?”

“ಪೂರ್ತಿ ಸುರಿದೆ. ಕುಡಿಸಿದ್ದಷ್ಟೂ ಹರಿದುಹೋಯ್ತು. ಇದು ಇವಳಿಗೆ ಆಗಲ್ಲ.”

“ಆಗಲ್ಲ ಅನ್ನೋಕೆ ನೀನ್ಯಾರು?” ತಫೀದಾಳ ದನಿ ಏರಿತು. “ಸಾವಿರ ಮಕ್ಕಳಿಗೆ ಆಗಿದೆ. ಕೈ ಕೊಳಕಿರತ್ತೆ, ಲೋಟ ಕೊಳಕಿರತ್ತೆ, ಆಮೇಲೆ ಔಷಧಿ ಮೇಲೆ ತಪ್ಪು ಹಾಕ್ತೀರಿ.”

ನಗ್ವಾ ತಲೆ ತಗ್ಗಿಸಿದಳು. ತಫೀದಾ ತಾನೇ ಕೈ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ಪೊಟ್ಟಣ ಕಲಸಿ, ಮಗುವನ್ನು ತನ್ನ ತೊಡೆಯ ಮೇಲೆ ಹಾಕಿಕೊಂಡು ಕುಡಿಸಿದಳು. ಅರ್ಧ ಗಂಟೆಯಾಗುವಷ್ಟರಲ್ಲಿ ಆಕೆಯ ಬಿಳಿ ಕೋಟಿನ ಮುಂಭಾಗವೆಲ್ಲ ನೆನೆದಿತ್ತು. ಇನ್ನೊಮ್ಮೆ ಕುಡಿಸಿದಳು, ಇನ್ನೊಮ್ಮೆ ನೆನೆಯಿತು. ಕುಡಿಸಿದ್ದಕ್ಕಿಂತ ಹೆಚ್ಚೇ ಹೊರಬರುತ್ತಿತ್ತು. ಮಗು ಹಸಿವಿನಿಂದ ಬಾಯಿ ಆಡಿಸುತ್ತಿತ್ತು, ಕಣ್ಣು ಮಾತ್ರ ಮೇಲೆ ಸಿಕ್ಕಿಕೊಳ್ಳುತ್ತಿತ್ತು.

ಆಗ ನಗ್ವಾ ಮೆಲ್ಲಗೆ ಹೇಳಿದಳು. “ಬೈಬೇಡ, ಒಂದು ಮಾತು. ಮೊನ್ನೆ ನನಗೆ ಜ್ವರ ಬಂದು ಆರು ಗಂಟೆ ಹಾಲು ಕೊಡೋಕಾಗಲಿಲ್ಲ. ಅತ್ತೆ ಬರೀ ಶಾಹಿಜೀರಿಗೆ ನೀರು ಕುಡಿಸಿದ್ರು. ಮನೇಲಿ ಸಕ್ಕರೆ ಮುಗಿದಿತ್ತು, ಹಂಗೇ ಸಪ್ಪೆ ಕೊಟ್ರು. ಅಷ್ಟೂ ಹೊತ್ತು ಬಟ್ಟೆ ಒಣಗೇ ಇತ್ತು ಅಬ್ಲಾ. ನಾನು ಮುಟ್ಟಿ ಮುಟ್ಟಿ ನೋಡ್ದೆ. ಜ್ವರ ಇಳಿದ ಮೇಲೆ ಹಾಲು ಕೊಟ್ಟೆ, ಮತ್ತೆ ಶುರುವಾಯ್ತು. ಸಿಹಿ ಬಿದ್ರೆ ಹರಿಯತ್ತೆ, ಸಪ್ಪೆ ಕೊಟ್ರೆ ನಿಲ್ಲತ್ತೆ.”

ಯಾವ ಪುಸ್ತಕವನ್ನೂ ಓದದ ಈ ಹುಡುಗಿ ಆರು ಗಂಟೆ ಬಟ್ಟೆ ಮುಟ್ಟಿ ಕಂಡದ್ದನ್ನು ತಾನು ಸಾವಿರ ಮಕ್ಕಳ ಲೆಕ್ಕ ಹೇಳಿ ಹೊಡೆದುಹಾಕಿದ್ದೆ ಎಂದು ತಫೀದಾಳಿಗೆ ಅರಿವಾಯಿತು. ಎದ್ದು ಒದ್ದೆ ಕೋಟು ಬಿಚ್ಚಿ ಎಸೆದಳು. “ನಡಿ, ಮನ್ಸೂರಾಕ್ಕೆ. ಈಗ್ಲೇ.”

ದಾರಿಯಲ್ಲಿ ಪೀಜೋ ಟ್ಯಾಕ್ಸಿಯ ಹಿಂದಿನ ಸೀಟುಗಳಲ್ಲಿ ಏಳು ಜನ. ತಫೀದಾ ಮಗುವಿಗೆ ಸಪ್ಪೆ ನೀರನ್ನಷ್ಟೇ ತೊಟ್ಟಿಕ್ಕಿಸುತ್ತಾ ಹೋದಳು. ಊರು ದಾಟುವಾಗ ಒಂದು ಸಲ ಒದ್ದೆಯಾದ ಬಟ್ಟೆ ಪಟ್ಟಣ ಬರುವವರೆಗೆ ಮತ್ತೆ ನೆನೆಯಲಿಲ್ಲ.

ಅಲ್ಲಿನ ಮಕ್ಕಳ ಡಾಕ್ಟರು ಇಕ್ಬಾಲ್ ಎಂಬ ನಲವತ್ತೈದರ ಹೆಂಗಸು, ದಪ್ಪ ಕನ್ನಡಕ, ಕಡಿಮೆ ಮಾತು. ನಗ್ವಾ ಹೇಳಿದ್ದನ್ನೆಲ್ಲ ಎರಡು ಸಲ ಹೇಳಿಸಿಕೊಂಡರು. ಮಗುವಿನ ಬಟ್ಟೆಯಲ್ಲಿದ್ದ ಭೇದಿಯ ನೀರನ್ನು ನಾಲ್ಕೈದು ಹನಿ ಗಾಜಿನ ನಳಿಕೆಗೆ ಹಿಂಡಿ, ಅದಕ್ಕೆ ಒಂದು ನೀಲಿ ದ್ರವ ಬೆರೆಸಿ, ದೀಪದ ಮೇಲೆ ಹಿಡಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ನೋಡುನೋಡುತ್ತಿದ್ದಂತೆ ಇಟ್ಟಿಗೆಯ ಕೆಂಪಾಯಿತು.

“ಸಕ್ಕರೆ” ಎಂದರು ಡಾಕ್ಟರಮ್ಮ. “ಬಾಯಿಂದ ಹೋದ ಸಕ್ಕರೆ ಹಂಗೇ ಹೊರಗೆ ಬಂದಿದೆ. ಓದಿದ್ದೆ, ಕಂಡಿರಲಿಲ್ಲ. ಇಪ್ಪತ್ತು ವರ್ಷದಿಂದ ಬರೀ ಓದಿದ್ದೇ.”

ಮಗುವಿನ ತಲೆಯಲ್ಲಿ ನರ ಹುಡುಕಿ ಬಾಟಲಿ ಹಾಕಿದರು. ತಫೀದಾ ಬಾಟಲಿಯ ಚೀಟಿ ಓದಿದವಳೇ ಡಾಕ್ಟರ ಕೈ ಹಿಡಿದುಕೊಂಡಳು. “ಡಾಕ್ಟ್ರಮ್ಮ, ಇದರಲ್ಲೂ ಗ್ಲೂಕೋಸಿದೆ! ಸಾಯಿಸ್ತೀರಾ?”

“ಇರಲಿ, ಕೈ ಬಿಡಮ್ಮ. ರಕ್ತಕ್ಕೆ ನೇರ ಹೋಗೋ ಸಕ್ಕರೇನ ಈ ಮೈ ಚೆನ್ನಾಗೇ ಉರಿಸತ್ತೆ. ಕರುಳಿನ ಗೋಡೆ ದಾಟೋದೊಂದೇ ಇವಳಿಗೆ ಆಗದೇ ಇರೋದು. ಆ ಗೋಡೆಯ ಪೊರೆ ಎಷ್ಟು ದಪ್ಪ ಗೊತ್ತಾ? ಕೂದಲಿನ ಸಾವಿರದಲ್ಲೊಂದು ಪಾಲೂ ಇಲ್ಲ. ಅದನ್ನ ದಾಟಿಸೋ ಪ್ರೋಟೀನು ಇವಳಲ್ಲಿ ಕೆಲಸ ಮಾಡ್ತಿಲ್ಲ. ಸಕ್ಕರೆ ಕರುಳಲ್ಲೇ ಉಳಿದು ಮೈಯ ನೀರನ್ನೆಲ್ಲ ಅತ್ತ ಎಳೀತಾ ಇದೆ.”

ತಫೀದಾ ಡಾಕ್ಟರ ಕೈ ಬಿಟ್ಟಳು. ಮೂರು ವರ್ಷದಿಂದ ತಾನು ಚಮಚ ಹಿಡಿದು ಯಾರ ಮುಂದೆ ನಿಂತಿದ್ದೆನೋ, ಆ ಕಾಣದ ವಸ್ತು ಇಲ್ಲದ ಮೈ ಹೇಗಿರುತ್ತದೆಂದು ಈಗ ಕಣ್ಣೆದುರಿಗಿತ್ತು. ಅದು ಅಷ್ಟೂ ಮಕ್ಕಳಲ್ಲಿ ಇತ್ತು, ಸದ್ದಿಲ್ಲದೆ ದುಡಿಯುತ್ತಿತ್ತು. ಎಲ್ಲ ಕಡೆಯೂ ಇದ್ದದ್ದರಿಂದಲೇ ಯಾರ ಗಮನಕ್ಕೂ ಬಂದಿರಲಿಲ್ಲ.

“ಹಂಗಾದ್ರೆ ಇವಳು ಏನು ತಿಂದು ಬದುಕ್ತಾಳೆ?” ಎಂದಳು ನಗ್ವಾ.

“ಹಣ್ಣಿನ ಸಕ್ಕರೆ ಅಂತ ಇನ್ನೊಂದಿದೆ. ನೋಡೋಕೆ ಅದೂ ಬಿಳೀ ಪುಡೀನೇ. ಅದನ್ನ ದಾಟಿಸೋದು ಬೇರೆ ಪ್ರೋಟೀನು. ಅದು ಇವಳಲ್ಲಿ ಸರಿಯಾಗಿದ್ರೆ ಗೆದ್ದ ಹಾಗೆ.”

ಮರುದಿನ ಬೆಳಗ್ಗೆ, ಮಗು ಸ್ವಲ್ಪ ಚೇತರಿಸಿಕೊಂಡ ಮೇಲೆ, ಹಣ್ಣಿನ ಸಕ್ಕರೆಯ ನೀರನ್ನು ಬಾಯಿಗೆ ಬಿಟ್ಟರು. ನಾಲ್ಕು ಚಮಚ. ಹಾಸಿಗೆಯ ಒಂದು ಕಡೆ ತಾಯಿ, ಇನ್ನೊಂದು ಕಡೆ ತಫೀದಾ. ಕಾಲು ಗಂಟೆಗೊಮ್ಮೆ ನಗ್ವಾ ಬಟ್ಟೆ ಮುಟ್ಟುತ್ತಿದ್ದಳು, ಮುಟ್ಟಿ ತಲೆಯಾಡಿಸುತ್ತಿದ್ದಳು. ಒಂದು ಗಂಟೆ ಕಳೆಯಿತು. ಇನ್ನೂ ಆರು ಚಮಚ ಕೊಟ್ಟರು. ಮಧ್ಯಾಹ್ನದ ನಮಾಜಿನ ಕರೆ ಕೇಳಿಸಿದಾಗ ನಗ್ವಾ ಬಟ್ಟೆ ಬಿಚ್ಚಿ ಎತ್ತಿ ಹಿಡಿದಳು. ನಡುವೆ ರೊಟ್ಟಿಯಗಲದ ಒಂದು ಹಳದಿ ಕಲೆ.

“ಉಚ್ಚೆ!” ಎಂದು ಕೂಗಿದಳು. “ಇದು ನಿಜವಾದ ಉಚ್ಚೆ, ಅಬ್ಲಾ!”

ವಾರ್ಡಿನ ಹೆಂಗಸರೆಲ್ಲ ತಿರುಗಿ ನೋಡಿ, ವಿಷಯ ತಿಳಿಯದಿದ್ದರೂ ಸಂತೋಷವೆಂಬುದು ತಿಳಿದು, ನಾಲಿಗೆ ಆಡಿಸಿ ಮದುವೆ ಮನೆಯ ಹಾಗೆ ಕೇಕೆ ಹಾಕಿದರು. ಡಾಕ್ಟರ್ ಇಕ್ಬಾಲ್ ಕನ್ನಡಕ ತೆಗೆದು ಒರೆಸಿಕೊಂಡರು. ಎರಡು ಬಿಳಿ ಪುಡಿಗಳು, ಕಣ್ಣಿಗೆ ಒಂದೇ, ನಾಲಿಗೆಗೂ ಹೆಚ್ಚುಕಮ್ಮಿ ಒಂದೇ. ಮೈ ಮಾತ್ರ ಅವನ್ನು ಬೇರೆಬೇರೆಯಾಗಿ ಗುರುತಿಸಿ, ಒಂದನ್ನು ತಡೆದು ಇನ್ನೊಂದನ್ನು ಒಳಗೆ ಬಿಟ್ಟಿತ್ತು. ಇದನ್ನು ಕಂಡ ಮೇಲೆ ತಫೀದಾ ಅವತ್ತು ಊಟಕ್ಕೂ ಏಳಲಿಲ್ಲ.

ಎದೆಹಾಲು ನಿಲ್ಲಿಸಬೇಕೆಂದಾಗ ಮಾತ್ರ ನಗ್ವಾ ಅತ್ತಳು. “ನನ್ನ ಹಾಲೇ ಇವಳಿಗೆ ವಿಷ ಆಯ್ತಾ? ಆ ಎರಡಕ್ಕೂ ನಾನೇ ಕೊಟ್ಟೆನಲ್ಲ.”

ತಫೀದಾ ಅವಳ ಪಕ್ಕ ನೆಲದ ಮೇಲೆ ಕೂತಳು. “ಹಾಲು ಚೆನ್ನಾಗೇ ಇತ್ತು ಕಣೇ. ನೀನೂ ಚೆನ್ನಾಗೇ ಕೊಟ್ಟೆ. ತಪ್ಪು ನನ್ನದು, ನಿನ್ನ ಮಾತು ಕೇಳಲಿಲ್ಲ. ಕ್ಷಮಿಸು.”

“ಬಿಡು ಅಬ್ಲಾ. ನೀನು ಕೋಟು ಬಿಚ್ಚಿ ಎಸೆದ್ಯಲ್ಲ, ಆವಾಗ್ಲೇ ಬಿಟ್ಟೆ.”

ಮಗುವಿಗೆ ಬುಸೈನಾ ಎಂದು ಹೆಸರಿಟ್ಟರು. ಅವಳ ಊಟ ಊರಿಗೆ ದೊಡ್ಡ ಸುದ್ದಿಯಾಯಿತು. ಕೋಳಿಯ ಎದೆಮಾಂಸ ಬೇಯಿಸಿ, ಬೆಣ್ಣೆಯಂತೆ ನುಣ್ಣಗೆ ಅರೆದು, ಎರಡು ಸಲ ಸೋಸಿ, ಎಣ್ಣೆ, ಉಪ್ಪು, ಡಾಕ್ಟರು ಕೊಟ್ಟ ವಿಟಮಿನ್ನು, ಹಣ್ಣಿನ ಸಕ್ಕರೆ ಬೆರೆಸಿ ಸೀಸೆಗೆ ತುಂಬಬೇಕು. “ಹುಟ್ಟಿದ ಹದಿನೈದು ದಿನಕ್ಕೇ ಕೋಳಿ!” ಎಂದಳು ಹಗ್ಗಾ ಜನ್ನೂಬಾ. “ನಾನು ನಾಲ್ಕು ಹೆತ್ತಾಗಲೂ ನನಗೊಂದು ಕಾಲೂ ಸಿಗಲಿಲ್ಲ.” ಬೈಯುತ್ತಲೇ ದಿನವೂ ಅರೆಯುತ್ತಿದ್ದವಳು ಅವಳೇ. ನೆಲದಡಿಯ ಅಕ್ಕನ ಮಾತನ್ನು ಮತ್ತೆ ಎತ್ತಲಿಲ್ಲ. ಸಕ್ಕರೆಯ ಪುಡಿ ಸಿಗುತ್ತಿದ್ದುದು ಅಲೆಕ್ಸಾಂಡ್ರಿಯಾದ ಒಂದೇ ಔಷಧಿ ಅಂಗಡಿಯಲ್ಲಿ. ತಫೀದಾ ತಿಂಗಳಿಗೊಮ್ಮೆ ರೈಲಿನಲ್ಲಿ ಹೋಗಿ ತರುತ್ತಿದ್ದಳು. ಎಂಟು ವರ್ಷ ತಪ್ಪಿಸಲಿಲ್ಲ.

ಬುಸೈನಾ ಬೆಳೆದಳು. ಹಾಲಿಲ್ಲ, ಅನ್ನವಿಲ್ಲ, ಖರ್ಜೂರವಿಲ್ಲ. ಮೀನು, ಮೊಟ್ಟೆ, ಮುಲೂಖಿಯಾ ಸೊಪ್ಪಿನ ಸಾರು. ದೊಡ್ಡವಳಾಗುತ್ತಾ ರೊಟ್ಟಿಯ ಒಂದು ಚೂರು ತಿಂದರೆ ತಡೆಯುವಷ್ಟಾಯಿತು. ಆರನೇ ವಯಸ್ಸಿನಲ್ಲಿ ಪ್ರವಾದಿ ಹುಟ್ಟಿದ ಹಬ್ಬಕ್ಕೆ ಬಂದ ಸಕ್ಕರೆ ಗೊಂಬೆಯ ಒಂದು ಕೈಯನ್ನು ಕದ್ದು ತಿಂದು, ಎರಡು ದಿನ ಮಲಗಿದ್ದಳು. “ಯಾಕೆ ತಿಂದೆ?” ಎಂದು ತಫೀದಾ ಗದರಿಸಿದರೆ, “ಎಲ್ರೂ ಯಾಕೆ ತಿಂತಾರೆ ಅಂತ ನೋಡೋಕೆ” ಎಂದಳು.

ಅವಳಿಗೆ ಹದಿಮೂರಾದಾಗ ಡಾಕ್ಟರ್ ಇಕ್ಬಾಲ್ ಅವಳನ್ನೂ ತಫೀದಾಳನ್ನೂ ಕರೆಸಿದರು. ನಿವೃತ್ತಿ ಹತ್ತಿರವಾಗಿದ್ದ ಅವರು ಹುಡುಗಿಯ ರಕ್ತವನ್ನು ಹೊರದೇಶದ ಪರಿಚಿತರಿಗೆ ಕಳಿಸಿದ್ದರು, ಉತ್ತರ ಬಂದಿತ್ತು. ಕಾಗದದ ಮೇಲೆ ಒಂದು ಚಿತ್ರ ಬರೆದು ತೋರಿಸಿದರು: ಪೊರೆಯ ಆಚೆಗೂ ಈಚೆಗೂ ಹದಿನಾಲ್ಕು ಸಲ ಹೊಲಿಗೆ ಹಾಕಿದಂತೆ ಸುತ್ತಿದ ಒಂದು ಉದ್ದನೆಯ ಎಳೆ.

“ಆರುನೂರ ಅರವತ್ನಾಲ್ಕು ಮಣಿ ಪೋಣಿಸಿದ ಸರ ಅಂದ್ಕೊ. ಇದು ಮಡಿಸ್ಕೊಂಡು ಪೊರೆಯಲ್ಲಿ ಕೂರತ್ತೆ. ಮೊದಲು ಕರುಳಿನ ಕಡೆ ತೆರ್ಕೊಳತ್ತೆ. ಉಪ್ಪಿನ ಎರಡು ಕಣ ಬಂದು ಕೂರ್ತವೆ, ಆಮೇಲೆ ಸಕ್ಕರೇದು ಒಂದು. ತಕ್ಷಣ ಆ ಕಡೆ ಮುಚ್ಚತ್ತೆ, ಈ ಕಡೆ ತೆರ್ಕೊಂಡು ಒಳಗೆ ಬಿಡತ್ತೆ. ಎರಡೂ ಕಡೆ ಒಟ್ಟಿಗೆ ಯಾವತ್ತೂ ತೆರೆಯಲ್ಲ. ಸೆಕೆಂಡಿಗೆ ಹತ್ತಾರು ಸಲ.”

“ಅದಕ್ಕೆ ಶಕ್ತಿ ಎಲ್ಲಿಂದ?” ಕೇಳಿದ್ದು ಬುಸೈನಾ.

“ಉಪ್ಪಿಂದ. ಜೀವಕೋಶ ತನ್ನೊಳಗಿನ ಉಪ್ಪನ್ನ ಇನ್ನೊಂದು ಪ್ರೋಟೀನಿಂದ ಸದಾ ಹೊರಗೆ ದಬ್ತಾ ಇರತ್ತೆ. ಹೊರಗಿನ ಉಪ್ಪು ಒಳಗೆ ನುಗ್ಗೋಕೆ ಹವಣಿಸ್ತಾ ಇರತ್ತೆ. ಆ ರಭಸದಲ್ಲೇ ಸಕ್ಕರೇನೂ ಎಳ್ಕೊಂಡು ಬರತ್ತೆ.”

“ನನ್ನದರಲ್ಲಿ ಏನಾಗಿದೆ?”

“ಒಂದು ಮಣಿ ಬದಲಾಗಿದೆ. ಆರುನೂರ ಅರವತ್ನಾಲ್ಕರಲ್ಲಿ ಒಂದೇ ಒಂದು. ನಿನ್ನ ಅಪ್ಪ ಅಮ್ಮ ಒಂದೇ ಮನೆತನದವರು, ಇಬ್ಬರಿಂದಲೂ ಅದೇ ಬಂದಿದೆ. ಅದರಿಂದ ಸರ ಸರಿಯಾಗಿ ಮಡಿಸ್ಕೊಳಲ್ಲ. ತಯಾರಾಗತ್ತೆ, ಆದ್ರೆ ಪೊರೆವರೆಗೆ ಬರಲ್ಲ, ಒಳಗೇ ಉಳಿಯತ್ತೆ.”

“ಅಂದ್ರೆ ಸ್ಕೂಲಿಗೆ ಹೊರಟು ಮನೇಲೇ ಮಲ್ಕೊಂಡಂಗೆ” ಎಂದು ಹುಡುಗಿ ನಕ್ಕಳು.

ತಫೀದಾ ನಗಲಿಲ್ಲ. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಯ್ದಳು. ಹದಿನಾರು ವರ್ಷದ ಹಿಂದೆ ರಊಫ್ ‘ಏನೋ ಇದೆ’ ಎಂದದ್ದು ಇದು. ಇಷ್ಟು ಹೊತ್ತೂ, ತಾನು ಉಸಿರಾಡುತ್ತಾ ನಿಂತಿರುವಾಗಲೂ, ತನ್ನೊಳಗೆ ಲೆಕ್ಕವಿಲ್ಲದಷ್ಟು ತೆರೆಯುತ್ತಿವೆ, ಮುಚ್ಚುತ್ತಿವೆ. ಮಲಗಿದಾಗಲೂ, ಗಂಡನ ಸಾವಿನ ಸುದ್ದಿ ಬಂದ ದಿನವೂ ಅವು ನಿಂತಿರಲಿಲ್ಲ. ಅವಳ ಕಣ್ಣು ತುಂಬಿ ಬಂತು. “ದೇವರೇ, ಎಷ್ಟು ಸಣ್ಣದು” ಎಂದಷ್ಟೇ ಅಂದಳು.

ಔಷಧಿ ಅಂಗಡಿಯ ಹಣ್ಣಿನ ಸಕ್ಕರೆಯಿಂದಲೇ ಬೆಳೆದ ಹುಡುಗಿ ಕೊನೆಗೆ ಔಷಧಿಶಾಸ್ತ್ರವನ್ನೇ ಓದಿ, ಮನ್ಸೂರಾದಲ್ಲಿ ಸ್ವಂತ ಅಂಗಡಿ ತೆರೆದಳು. ತಫೀದಾಳಿಗೆ ಎಪ್ಪತ್ತು ದಾಟಿತು, ಸಕ್ಕರೆ ಕಾಯಿಲೆ ಬಂತು. ಎರಡು ಸಾವಿರದ ಹದಿನಾರರಲ್ಲಿ ಡಾಕ್ಟರು ಹೊಸ ಮಾತ್ರೆಯೊಂದನ್ನು ಬರೆದುಕೊಟ್ಟರು. ಚೀಟಿ ಹಿಡಿದು ಬುಸೈನಾಳ ಅಂಗಡಿಗೆ ಹೋದಳು.

ಚೀಟಿ ಓದಿದ ಬುಸೈನಾ ಮೇಲೆ ನೋಡಿದಳು. “ಅಬ್ಲಾ, ಇದು ಏನು ಮಾಡತ್ತೆ ಗೊತ್ತಾ? ನನ್ನ ಕರುಳಲ್ಲಿ ಕೆಟ್ಟಿದೆಯಲ್ಲ, ಅದರ ತಂಗಿಯಂಥದ್ದು ಒಂದು ಮೂತ್ರಪಿಂಡದಲ್ಲಿದೆ. ಉಚ್ಚೆಗೆ ಹೋಗೋ ಸಕ್ಕರೇನ ಹಿಡಿದು ವಾಪಸ್ಸು ರಕ್ತಕ್ಕೆ ತರೋದು ಅದೇ. ಈ ಮಾತ್ರೆ ಅದನ್ನ ತಡೆದು ನಿಲ್ಲಿಸತ್ತೆ. ಹೆಚ್ಚಿನ ಸಕ್ಕರೆ ಹೊರಗೆ ಹೋಗಿಬಿಡತ್ತೆ.”

“ಬೇಕೂಂತ ನಿಲ್ಲಿಸ್ತಾರಾ?” ತಫೀದಾ ಬೆರಗಾದಳು. “ನಿನ್ನಲ್ಲಿ ಅದು ನಿಂತಿದ್ದಕ್ಕೆ ನೀನು ಸಾಯ್ತಿದ್ದೆ. ನನ್ನಲ್ಲಿ ಅದರ ತಂಗೀನ ನಿಲ್ಲಿಸಿ ನನ್ನ ಬದುಕಿಸ್ತಾರಾ?”

“ಹೂಂ. ಚೆನ್ನಾಗಿ ನೀರು ಕುಡೀಬೇಕು ಅಷ್ಟೆ. ಕುಡಿದ್ಯಾ ಇಲ್ವಾ ಅಂತ ದಿನಾ ಫೋನ್ ಮಾಡಿ ಕೇಳ್ತೀನಿ. ಸುಳ್ಳು ಹೇಳಿದ್ರೆ ಬೈತೀನಿ.”

“ಬೈಯೋಕೆ ನೀನ್ಯಾರೇ?”

“ನೀನು ಸಾಕಿದ ಕೋಳಿ.”

ತಫೀದಾ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಅಂಗಡಿಗೆ ಜನ ಬಂದರು, ಹೋದರು. ಆಮೇಲೆ ಅದನ್ನು ನುಂಗಿ, ಬುಸೈನಾ ತಂದುಕೊಟ್ಟ ನೀರನ್ನು ಪೂರ್ತಿ ಕುಡಿದು, ಲೋಟ ಮೇಜಿನ ಮೇಲಿಟ್ಟು, ಮಾತ್ರೆಯ ಪೆಟ್ಟಿಗೆಯೊಳಗಿನ ಚೀಟಿಯಲ್ಲಿದ್ದ ಸಣ್ಣಕ್ಷರವನ್ನೆಲ್ಲ ತನಗೆ ಓದಿ ಹೇಳು ಎಂದು ಅಲ್ಲೇ ಕೂತಳು.